ಖಾಸಗಿ ಫೋಟೋ, ವಿಡಿಯೋ ಒಪ್ಪಿಗೆಯಿಲ್ಲದೆ ಹರಿದಾಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಯಾರೂ ಜೋರಾಗಿ ಕೇಳುವುದಿಲ್ಲ. "ನನ್ನ ಫ್ರೆಂಡ್ ಒಬ್ಬಳಿಗೆ ಹೀಗಾಗಿದೆ" ಅಂತ ಮಾತು ಶುರುವಾಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಆ ಫ್ರೆಂಡ್ ಯಾರು ಅಂತ ಇಬ್ಬರಿಗೂ ಗೊತ್ತಾಗಿರುತ್ತದೆ. ಹಾಗೆ ತಗ್ಗಿದ ದನಿಯಲ್ಲಿ ಬರುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಈಗಲೇ ತೊಂದರೆ ಆಗಿದ್ದರೆ ಎಲ್ಲವನ್ನೂ ಓದುತ್ತಾ ಕೂರಬೇಡಿ. "ಈಗಷ್ಟೇ ಗೊತ್ತಾಯ್ತು" ಎಂಬ ಪ್ರಶ್ನೆಗೆ ನೇರವಾಗಿ ಹೋಗಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಫೋಟೋ ನಾನೇ ತೆಗೆದು ಕಳಿಸಿದ್ದು. ಈಗ ದೂರು ಕೊಡೋಕೆ ನನಗೆ ಹಕ್ಕಿದೆಯಾ?

ಇದೆ. ಪೂರ್ತಿ ಇದೆ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ಅದಕ್ಕೇ ಇದನ್ನು ಮೊದಲು ಇಟ್ಟೆ.

ಊರಿಗೆ ಹೋಗುವಾಗ ಮನೆಯ ಬೀಗದ ಕೈಯನ್ನು ನಂಬಿದವರ ಹತ್ತಿರ ಕೊಟ್ಟು ಹೋಗುತ್ತೀರಿ. ವಾಪಸ್ ಬಂದು ನೋಡಿದರೆ ಬೀರು ಖಾಲಿ. "ಬೀಗದ ಕೈ ಕೊಟ್ಟಿದ್ದು ನೀವೇ ಅಲ್ವಾ" ಅಂತ ಯಾರಾದರೂ ಕಳ್ಳನನ್ನು ಬಿಟ್ಟುಬಿಡುತ್ತಾರಾ? ಒಬ್ಬರಿಗೆ ನೋಡಲು ಕೊಟ್ಟ ಒಪ್ಪಿಗೆ, ಊರಿಗೆಲ್ಲ ತೋರಿಸಲು ಕೊಟ್ಟ ಒಪ್ಪಿಗೆ ಅಲ್ಲ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ, ಕಾನೂನಿನಲ್ಲೇ ಬರೆದಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಣ್ಣಿನ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಸೆರೆಹಿಡಿಯುವುದು, ಹಂಚುವುದು ಇವುಗಳ ಬಗ್ಗೆ ಹೇಳುತ್ತದೆ. ಅದರ ವಿವರಣೆ ಸ್ಪಷ್ಟವಾಗಿದೆ: ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ, ಬೇರೆಯವರಿಗೆ ಹಂಚಲು ಒಪ್ಪಿಲ್ಲದಿದ್ದರೆ, ಹಂಚಿದ್ದು ಅಪರಾಧ. ಈ ಮಾತು ಹೊಸದೇನಲ್ಲ. 2013ರಲ್ಲೇ ಹಳೆಯ ಐಪಿಸಿಯ 354ಸಿ ಕಲಂನಲ್ಲಿ ಸೇರಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆಗೆ ಬಂದಿದೆ.

ಇದರ ಬೇರು ಖಾಸಗಿತನದ ಹಕ್ಕಿನಲ್ಲಿದೆ. ಆ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರೇ ಮೊದಲು. 2012ರಲ್ಲಿ ಆಧಾರ್ ವಿಚಾರವಾಗಿ ಅವರು ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದರು. ನಿಮ್ಮ ದೇಹದ ಚಿತ್ರ ಯಾರು ನೋಡಬೇಕು ಎನ್ನುವುದು ಈ ಹಕ್ಕಿನೊಳಗೇ ಬರುತ್ತದೆ.

ಶಿಕ್ಷೆ ಆಗುತ್ತದಾ ಅಂತ ಕೇಳುವವರಿಗೆ ಒಂದು ಪ್ರಕರಣ ಹೇಳುತ್ತೇನೆ. ಪಶ್ಚಿಮ ಬಂಗಾಳದ ತಮ್ಲುಕ್ ಎಂಬ ಜಿಲ್ಲಾ ಕೇಂದ್ರ. ಸಂಬಂಧ ಮುರಿದ ಹುಡುಗಿಯ ಖಾಸಗಿ ಚಿತ್ರಗಳನ್ನು ಹುಡುಗನೊಬ್ಬ ನೆಟ್‌ಗೆ ಹಾಕಿದ. 2018ರ ಮಾರ್ಚ್‌ನಲ್ಲಿ ಅಲ್ಲಿನ ಕೋರ್ಟ್ ಅವನಿಗೆ 5 ವರ್ಷ ಜೈಲು ವಿಧಿಸಿತು. ಜೊತೆಗೆ, ಆಕೆಯನ್ನು ಅತ್ಯಾಚಾರ ಸಂತ್ರಸ್ತೆಯಂತೆಯೇ ಪರಿಗಣಿಸಿ ಸರ್ಕಾರ ಪರಿಹಾರ ಕೊಡಬೇಕು ಎಂದಿತು. ದೊಡ್ಡ ಊರಲ್ಲ, ದೊಡ್ಡ ಕೋರ್ಟಲ್ಲ. ಆದರೂ ಹಾನಿ ಎಷ್ಟು ಆಳದ್ದು ಅಂತ ಆ ನ್ಯಾಯಾಧೀಶರಿಗೆ ಅರ್ಥವಾಗಿತ್ತು.

ಬರೀ ಫೋಟೋ ತಾನೇ? ಯಾರೂ ಮೈ ಮುಟ್ಟಿಲ್ಲವಲ್ಲ. ಇಷ್ಟು ದೊಡ್ಡದು ಮಾಡೋದ್ಯಾಕೆ?

ಈ ಮಾತನ್ನು ಹೆಚ್ಚಾಗಿ ಹೇಳುವುದು ಅದನ್ನು ಅನುಭವಿಸದವರು.

ಒಂದು ಹೊಡೆತ ಒಂದು ದಿನ ಬೀಳುತ್ತದೆ, ಆಮೇಲೆ ಗಾಯ ಮಾಯಲು ಶುರುವಾಗುತ್ತದೆ. ಫೋಟೋ ಹಾಗಲ್ಲ. ಅದು ಇವತ್ತು ಒಬ್ಬರ ಫೋನಿನಲ್ಲಿ, ನಾಳೆ ಇನ್ನೊಬ್ಬರ ಫೋನಿನಲ್ಲಿ. ಬಸ್ಸಿನಲ್ಲಿ ಯಾರೋ ತಿರುಗಿ ನೋಡಿದರೆ "ಇವನೂ ನೋಡಿರಬಹುದಾ" ಅನ್ನಿಸುತ್ತದೆ. ಅಂಗಡಿಯವನು ನಕ್ಕರೆ ಎದೆ ಧಸಕ್ಕೆನ್ನುತ್ತದೆ. ಕೆಲಸಕ್ಕೆ ಅರ್ಜಿ ಹಾಕುವಾಗ, ಮದುವೆ ಮಾತು ಬರುವಾಗ, ಹೊಸ ಊರಿಗೆ ಹೋಗುವಾಗ, ಪ್ರತಿ ಸಲವೂ ಅದೇ ಭಯ.

ಇನ್ನೊಂದು ಹಾನಿ ನಮ್ಮ ಮನೆಗಳಲ್ಲೇ ಆಗುತ್ತದೆ. ಹುಡುಗಿಯ ಫೋನ್ ಕಿತ್ತುಕೊಳ್ಳುತ್ತಾರೆ. ಕಾಲೇಜು ಬಿಡಿಸುತ್ತಾರೆ. ಆತುರಾತುರವಾಗಿ ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ತಪ್ಪು ಮಾಡಿದವನು ಎಂದಿನಂತೆ ಬೈಕ್ ಹತ್ತಿ ಓಡಾಡುತ್ತಿರುತ್ತಾನೆ, ಶಿಕ್ಷೆ ಮಾತ್ರ ಆಕೆಗೆ. ಇದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಜೀವವೇ ಬೇಡ ಅನ್ನಿಸುವ ಮಟ್ಟಕ್ಕೆ ನೋವು ಹೋಗಬಹುದು. ನಿಮಗಾಗಲಿ ನಿಮ್ಮ ಹತ್ತಿರದವರಿಗಾಗಲಿ ಹಾಗನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಧ್ಯರಾತ್ರಿ ಆದರೂ ಪರವಾಗಿಲ್ಲ, ಮಾಡಿ.

ಇದನ್ನ 'ರಿವೆಂಜ್ ಪೋರ್ನ್' ಅಂತಾರಲ್ಲ?

ಅಂತಾರೆ. ನಾನು ಆ ಪದ ಬಳಸುವುದಿಲ್ಲ. 'ರಿವೆಂಜ್' ಅಂದರೆ ಸೇಡು. ಆಕೆ ಏನೋ ಮಾಡಿದಳು, ಅದಕ್ಕೆ ಇವನು ಸೇಡು ತೀರಿಸಿಕೊಂಡ ಎಂಬ ಅರ್ಥ ಅದರೊಳಗೆ ಕೂತಿದೆ. ಸಂಬಂಧ ಬೇಡ ಅನ್ನುವುದು ತಪ್ಪಾ? ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹಂಚಿಕೆ ಅಂದರೆ ಸಾಕು, ಆಗಿದ್ದೇನು ಅಂತ ಗೊತ್ತಾಗುತ್ತದೆ.

ಯಾವ ಕಲಂ ಬೀಳುತ್ತೆ, ಎಷ್ಟು ಶಿಕ್ಷೆ?

ಒಂದೇ ಕಲಂ ಅಲ್ಲ. ಘಟನೆ ಹೇಗೆ ನಡೆದಿದೆಯೋ ಹಾಗೆ ಎರಡು ಮೂರು ಸೇರುತ್ತವೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ, ಅಂದರೆ ಐಟಿ ಕಾಯ್ದೆಯ 66ಇ: ಯಾರದೇ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಕಳಿಸುವುದು, ಪ್ರಕಟಿಸುವುದು. 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಉಡುಪಿನಲ್ಲಿರುವ ಚಿತ್ರವೂ ಇದರಲ್ಲಿ ಬರುತ್ತದೆ. "ಬಟ್ಟೆ ಇತ್ತಲ್ಲ" ಅನ್ನುವ ವಾದ ನಡೆಯುವುದಿಲ್ಲ.

67ನೇ ಕಲಂ ಅಶ್ಲೀಲ ವಸ್ತುವನ್ನು ಹರಡುವುದಕ್ಕೆ. ಲೈಂಗಿಕ ಕ್ರಿಯೆ ಇರುವ ಚಿತ್ರ, ವಿಡಿಯೋ ಆದರೆ 67ಎ. ಮೊದಲ ಸಲ ಸಿಕ್ಕಿಬಿದ್ದರೆ 5 ವರ್ಷದವರೆಗೆ ಜೈಲು ಮತ್ತು 10 ಲಕ್ಷದವರೆಗೆ ದಂಡ. ಮತ್ತೆ ಮಾಡಿದರೆ 7 ವರ್ಷ. 67ಎ ಜಾಮೀನು ಸುಲಭವಾಗಿ ಸಿಗದ ಅಪರಾಧ, ಇದು ನೆನಪಿರಲಿ.

ನ್ಯಾಯ ಸಂಹಿತೆಯ 77ಕ್ಕೆ ಮೊದಲ ಸಲ ಕಡಿಮೆ ಅಂದರೂ 1 ವರ್ಷ, ಹೆಚ್ಚೆಂದರೆ 3 ವರ್ಷ. ಎರಡನೇ ಸಲ 3ರಿಂದ 7 ವರ್ಷ. ಬೇಡ ಅಂದರೂ ಬೆನ್ನು ಬಿದ್ದು ಮೆಸೇಜ್ ಮಾಡುತ್ತಿದ್ದರೆ 78, ಮಾತಿನಿಂದ, ಸನ್ನೆಯಿಂದ, ಚಿತ್ರದಿಂದ ಹೆಣ್ಣಿನ ಮಾನಕ್ಕೆ ಧಕ್ಕೆ ತಂದರೆ 79, ಇವೂ ಸೇರಬಹುದು.

ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ದೂರಿನಲ್ಲಿ ಆದದ್ದನ್ನು ಆದ ಹಾಗೆ ಬರೆದರೆ ಸಾಕು. ಕಲಂ ಹಾಕುವುದು ಪೊಲೀಸರ ಕೆಲಸ.

ನಾನು ತೆಗೆದಿದ್ದಲ್ಲ, ಹಾಕಿದ್ದಲ್ಲ. ಬಂದಿದ್ದನ್ನ ಸುಮ್ನೆ ಫಾರ್ವರ್ಡ್ ಮಾಡಿದೆ. ನಂದೇನು ತಪ್ಪು?

ಐಟಿ ಕಾಯ್ದೆಯ ಮಾತು "ಪ್ರಕಟಿಸುವುದು ಅಥವಾ ರವಾನಿಸುವುದು". ಫಾರ್ವರ್ಡ್ ಒತ್ತುವುದು ರವಾನೆಯೇ. ಮೊದಲು ಹಾಕಿದವನು ಯಾರು ಅಂತ ಕಾನೂನು ನಿಮ್ಮನ್ನು ಕೇಳುವುದಿಲ್ಲ. ನೀವು ಕಳಿಸಿದಿರಾ ಅಂತ ಕೇಳುತ್ತದೆ.

ಈ ಪ್ರಶ್ನೆಗೆ ನಾವು ಕನ್ನಡಿಗರು ದೂರದ ಉದಾಹರಣೆ ಹುಡುಕಬೇಕಿಲ್ಲ. 2024ರ ಏಪ್ರಿಲ್, ಹಾಸನ. ಲೋಕಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇರುವಾಗ ಜಿಲ್ಲೆಯಲ್ಲಿ ಪೆನ್ ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಅದರಲ್ಲಿದ್ದದ್ದು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳು. ಮುಖ ಮಸುಕು ಮಾಡುವಷ್ಟು ಮನುಷ್ಯತ್ವವೂ ಹಂಚಿದವರಿಗೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವು ವಾಟ್ಸ್ಆ್ಯಪ್‌ಗೆ ಬಂದವು, ರಾಜ್ಯವೆಲ್ಲ ಹಬ್ಬಿದವು. ಹೆಂಗಸರು ಊರು ಬಿಟ್ಟು ಹೋದ ಸುದ್ದಿಗಳು ಪತ್ರಿಕೆಯಲ್ಲಿ ಬಂದವು.

ವಿಡಿಯೋ ಮಾಡಿದ್ದು ಒಬ್ಬ. ಆದರೆ ಆ ಹೆಂಗಸರು ತಮ್ಮ ಊರಿನಲ್ಲಿ ತಲೆ ಎತ್ತದ ಹಾಗೆ ಮಾಡಿದ್ದು ಒಬ್ಬನಲ್ಲ. "ನೋಡಿದ್ರಾ? ಕಳಿಸ್ಲಾ?" ಅಂದ ಸಾವಿರಾರು ಜನ. ನಮ್ಮ ಪಕ್ಕದ ಮನೆಯವರು, ಸಹೋದ್ಯೋಗಿಗಳು, ನಮ್ಮ ಫ್ಯಾಮಿಲಿ ಗ್ರೂಪಿನ ದೊಡ್ಡವರು. "ಅನ್ಯಾಯ ಬಯಲಿಗೆ ಬರಲಿ ಅಂತ ಕಳಿಸಿದೆ" ಅಂದವರೂ ಇದ್ದರು. ಬಯಲಿಗೆ ಬಂದಿದ್ದು ಯಾರು? ನೊಂದವರ ಮುಖ.

ತನಿಖೆ ನಡೆಸಿದ ಎಸ್‌ಐಟಿ, ಈ ವಿಡಿಯೋಗಳನ್ನು ಹಂಚಿದವರ ಮೇಲೂ ಕ್ರಮ ಆಗುತ್ತದೆ ಎಂದು ಸಾರ್ವಜನಿಕವಾಗಿ ಎಚ್ಚರಿಸಿತು. ಪೆನ್ ಡ್ರೈವ್ ಹಂಚಿಕೆಯ ಮೇಲೆ ಹಾಸನದ ಸೆನ್ (ಸೈಬರ್ ಅಪರಾಧದ) ಠಾಣೆಯಲ್ಲಿ ಬೇರೆಯದೇ ಪ್ರಕರಣ ದಾಖಲಾಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ, ಈ ವಿಡಿಯೋಗಳ ಬೆನ್ನಲ್ಲೇ ದಾಖಲಾದ ಒಂದು ಅತ್ಯಾಚಾರ ಪ್ರಕರಣದಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟ್‌ಗೆ ಮೇಲ್ಮನವಿ ಹೋಗಿದ್ದಾರೆ.

ಇನ್ನೊಂದು ವಿಷಯ. ವಿಡಿಯೋದಲ್ಲಿರುವುದು ಅತ್ಯಾಚಾರವಾದರೆ ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ಬೇರೆ ಅಪರಾಧ. ಸಂಹಿತೆಯ 72ನೇ ಕಲಂ, 2 ವರ್ಷದವರೆಗೆ ಜೈಲು. ಹೆಸರು ಮಾತ್ರ ಅಲ್ಲ, ಗುರುತು ಸಿಗುವ ಯಾವ ವಿವರವೂ ಆಗಬಹುದು. "ಅವಳು ಇಂಥವರ ಮನೆಯವಳಂತೆ" ಅಂತ ಗ್ರೂಪಿನಲ್ಲಿ ಬರೆಯುವವರು ಇದನ್ನು ಓದಲಿ.

ಹಾಗಾದರೆ ನನಗೆ ಅಂಥದ್ದು ಬಂದರೆ ಏನು ಮಾಡಲಿ? ನಾನು ಗ್ರೂಪ್ ಅಡ್ಮಿನ್ ಬೇರೆ.

ಮುಂದೆ ಕಳಿಸಬೇಡಿ. ಕಳಿಸಿದವರಿಗೆ "ಇದು ತಪ್ಪು, ತೆಗೆಯಿರಿ" ಅಂತ ಒಂದು ಸಾಲು ಬರೆಯಿರಿ. ಗ್ರೂಪಿನಲ್ಲಿ ಒಬ್ಬರು ಬಾಯಿಬಿಟ್ಟರೆ ಉಳಿದವರ ಕೈ ತಡೆಯುತ್ತದೆ. ವಿಡಿಯೋದಲ್ಲಿರುವವರು ನಿಮಗೆ ಗೊತ್ತಿದ್ದರೆ, ಅವರಿಗೆ ಮೆಲ್ಲಗೆ, ವಿಡಿಯೋ ಕಳಿಸದೆ, ವಿಷಯ ತಿಳಿಸಿ. ಆಮೇಲೆ ಅಳಿಸಿ.

ಅಡ್ಮಿನ್ ಬಗ್ಗೆ: ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ತಾನೇ ತಾನಾಗಿ ಅಪರಾಧಿ ಆಗುವುದಿಲ್ಲ. 2022ರಲ್ಲಿ ಕೇರಳ ಹೈಕೋರ್ಟ್ ಹೀಗೇ ಹೇಳಿದೆ. ಹಾಗಂತ ಸುಮ್ಮನೆ ಕೂರಬೇಡಿ. ಅಡ್ಮಿನ್‌ಗೆ ಎಲ್ಲರ ಫೋನಿನಿಂದಲೂ ಆ ಮೆಸೇಜ್ ಅಳಿಸುವ ಸೌಲಭ್ಯ ವಾಟ್ಸ್ಆ್ಯಪ್‌ನಲ್ಲಿದೆ. ಅಳಿಸಿ, ಹಾಕಿದವರನ್ನು ಹೊರಗೆ ಹಾಕಿ.

ಈಗಷ್ಟೇ ಗೊತ್ತಾಯ್ತು, ನನ್ನ ಫೋಟೋ ಹರಿದಾಡುತ್ತಿದೆ. ಮೊದಲು ಏನು ಮಾಡಲಿ?

ಮೊದಲು ಒಬ್ಬರಿಗೆ ಹೇಳಿ. ಅಕ್ಕ, ಗೆಳತಿ, ಅಣ್ಣ, ನಂಬುವ ಟೀಚರ್, ಯಾರಾದರೂ ಸರಿ. ಒಬ್ಬರೇ ಇದನ್ನು ಹೊರಬೇಡಿ.

ಆಮೇಲೆ ಸಾಕ್ಷಿ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಚಾಟ್ ಅಳಿಸುವುದು, ಅಕೌಂಟ್ ಡಿಲೀಟ್ ಮಾಡುವುದು, ಫೋನ್ ರೀಸೆಟ್ ಮಾಡುವುದು. ದಯವಿಟ್ಟು ಮಾಡಬೇಡಿ. ನಿಮಗೆ ಅಸಹ್ಯ ಅನ್ನಿಸುವ ಆ ಚಾಟ್ ನಾಳೆ ಕೋರ್ಟಿನಲ್ಲಿ ನಿಮ್ಮ ಕೈಲಿರುವ ದೊಡ್ಡ ಆಧಾರ.

ಸ್ಕ್ರೀನ್‌ಶಾಟ್ ತೆಗೆಯಿರಿ. ಹಾಕಿದ ಅಕೌಂಟಿನ ಹೆಸರು, ದಿನಾಂಕ, ಸಮಯ ಕಾಣಬೇಕು. ವಾಟ್ಸ್ಆ್ಯಪ್ ಆದರೆ ಬಂದ ನಂಬರ್ ಕಾಣಲಿ, ಸೇವ್ ಮಾಡಿದ ಹೆಸರು ಮಾತ್ರ ಸಾಲದು. ವೆಬ್‌ಸೈಟ್ ಆದರೆ ಲಿಂಕ್ ಅನ್ನು ಪೂರ್ತಿಯಾಗಿ ಕಾಪಿ ಮಾಡಿ ಇಟ್ಟುಕೊಳ್ಳಿ. ಅಕೌಂಟಿನ ಹೆಸರು ಅವನು ಬದಲಿಸಬಹುದು, ಪ್ರೊಫೈಲ್ ಲಿಂಕ್ ಇದ್ದರೆ ಹುಡುಕಲು ಅನುಕೂಲ. ಬ್ಲಾಕ್, ರಿಪೋರ್ಟ್ ಎಲ್ಲ ಇದಾದ ಮೇಲೆ.

ಒಂದು ಹಾಳೆಯಲ್ಲಿ ನಡೆದದ್ದನ್ನು ದಿನಾಂಕದ ಪ್ರಕಾರ ಬರೆದಿಡಿ. ನಾಲ್ಕು ದಿನ ಕಳೆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನಿಮಗೇ ಗೊಂದಲವಾಗುತ್ತದೆ. ಮೂಲ ಫೋಟೋ, ಮೂಲ ಚಾಟ್ ಇರುವ ಫೋನನ್ನು ಮಾರಬೇಡಿ, ಬದಲಿಸಬೇಡಿ. ಡಿಜಿಟಲ್ ಸಾಕ್ಷಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರು, ಪೊಲೀಸರು ನೋಡಿಕೊಳ್ಳುತ್ತಾರೆ. ಫೋನ್ ಇದ್ದರೆ ಮಾತ್ರ ಅದು ಸಾಧ್ಯ.

ಆ ಫೋಟೋ ನೆಟ್‌ನಿಂದ ತೆಗೆಸೋಕೆ ಆಗುತ್ತಾ?

ಬಹಳ ಮಟ್ಟಿಗೆ ಆಗುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಪೊಲೀಸ್ ದೂರು ಆಗುವವರೆಗೆ ಕಾಯಬೇಕಿಲ್ಲ.

2021ರ ಐಟಿ ನಿಯಮಗಳ ಪ್ರಕಾರ, ನಗ್ನತೆ, ಖಾಸಗಿ ಅಂಗ, ಲೈಂಗಿಕ ಕ್ರಿಯೆ ಇರುವ ಚಿತ್ರದ ಬಗ್ಗೆ ಅದರಲ್ಲಿರುವವರೇ ಅಥವಾ ಅವರ ಪರವಾಗಿ ಒಬ್ಬರು ದೂರು ಕೊಟ್ಟರೆ, ಹೆಚ್ಚೆಂದರೆ 2 ಗಂಟೆಯೊಳಗೆ ಆ ಕಂಪನಿ ಅದನ್ನು ತೆಗೆಯಬೇಕು (2026ರ ಫೆಬ್ರವರಿಗೆ ಮೊದಲು 24 ಗಂಟೆ ಇತ್ತು). ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಎಕ್ಸ್, ಟೆಲಿಗ್ರಾಮ್ ಎಲ್ಲಕ್ಕೂ ಇದೇ ನಿಯಮ. ಆ್ಯಪ್‌ನ ರಿಪೋರ್ಟ್ ಗುಂಡಿಯ ಜೊತೆಗೆ, ಭಾರತಕ್ಕಾಗಿ ಅವರು ನೇಮಿಸಿರುವ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಅವರ ವಿವರ ಆ್ಯಪ್‌ನ ವೆಬ್‌ಸೈಟಿನಲ್ಲಿ ಇರಲೇಬೇಕು. ಅಲ್ಲಿ ಕೆಲಸ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ಸೇವೆ 2021ರ ಡಿಸೆಂಬರ್‌ನಿಂದ ಇದೆ. ನಿಮಗೆ 18 ದಾಟಿರಬೇಕು, ಚಿತ್ರ ನಿಮ್ಮ ಫೋನಿನಲ್ಲಿ ಇರಬೇಕು. ಅದು ಚಿತ್ರವನ್ನು ಎಲ್ಲಿಗೂ ಕಳಿಸುವುದಿಲ್ಲ. ಫೋನಿನಲ್ಲೇ ಅದರ ಒಂದು ಗುರುತು ಸಂಖ್ಯೆ ತಯಾರಾಗುತ್ತದೆ, ಬೆರಳಚ್ಚು ಇದ್ದ ಹಾಗೆ. ಆ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಸೇರಿಕೊಂಡಿರುವ ಕಂಪನಿಗಳಿಗೆ ಹೋಗುತ್ತದೆ. ಅದಕ್ಕೆ ಹೊಂದುವ ಚಿತ್ರ ಅಲ್ಲಿ ಬಂದರೆ ತಡೆಯುತ್ತಾರೆ. ಫೋಟೋ ಇನ್ನೂ ಹೊರಗೆ ಬಂದಿಲ್ಲ, ಬರುವ ಭಯ ಇದೆ ಅನ್ನುವವರು ಇದನ್ನು ಇವತ್ತೇ ಮಾಡಿ. ನನ್ನ ಪ್ರಕಾರ ಇರುವ ಉಪಾಯಗಳಲ್ಲಿ ಮನಸ್ಸಿಗೆ ಹೆಚ್ಚು ನೆಮ್ಮದಿ ಕೊಡುವುದು ಇದೇ. ಹೆದರಿಸುವವನ ಕೈಯಲ್ಲಿರುವ ಆಯುಧ ಅಲ್ಲೇ ಅರ್ಧ ಮೊಂಡಾಗುತ್ತದೆ.

ಹುಡುಕಾಟದಲ್ಲಿ ಬರುತ್ತಿದ್ದರೆ ಗೂಗಲ್‌ಗೆ ಪ್ರತ್ಯೇಕ ಅರ್ಜಿ ಇದೆ. 2023ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹುಡುಕಾಟದ ಕಂಪನಿಗಳಿಗೆ ಗಟ್ಟಿಯಾಗಿ ಹೇಳಿದೆ: ಒಮ್ಮೆ ತೆಗೆದ ಚಿತ್ರ ಮತ್ತೆ ಬಂದಾಗಲೆಲ್ಲ ಹೆಣ್ಣುಮಗಳು ಹೊಸ ಲಿಂಕ್ ಹಿಡಿದು ಅಲೆಯುವ ಹಾಗೆ ಮಾಡಬಾರದು.

ಕಷ್ಟ ಇರುವುದು ವಾಟ್ಸ್ಆ್ಯಪ್‌ನಲ್ಲಿ. ಅಲ್ಲಿನ ಮೆಸೇಜ್ ಕಂಪನಿಗೂ ಕಾಣದ ಹಾಗೆ ಇರುವುದರಿಂದ ಒಟ್ಟಿಗೇ ಅಳಿಸಲು ಆಗುವುದಿಲ್ಲ. ಅಲ್ಲಿ ಪೊಲೀಸ್ ದೂರೇ ಮುಖ್ಯ ದಾರಿ.

ಇನ್ನೂ ಹಾಕಿಲ್ಲ. "ಹಾಕ್ತೀನಿ, ನಿಮ್ಮಪ್ಪನಿಗೆ ಕಳಿಸ್ತೀನಿ" ಅಂತ ಹೆದರಿಸ್ತಿದ್ದಾನೆ. ದುಡ್ಡು ಕೊಟ್ಟು ಮುಗಿಸಲಾ?

ಬೇಡ. ದುಡ್ಡು ಕೊಟ್ಟ ದಿನ ಅದು ಮುಗಿಯುವುದಿಲ್ಲ, ಶುರುವಾಗುತ್ತದೆ. ನೀವು ಕೊಡುತ್ತೀರಿ ಅಂತ ಅವನಿಗೆ ಗೊತ್ತಾಗುತ್ತದೆ, ಅಷ್ಟೇ. "ಕೊನೇ ಸಲ ಬಂದು ಸಿಗು, ನಿನ್ನ ಎದುರಿಗೇ ಡಿಲೀಟ್ ಮಾಡ್ತೀನಿ" ಅಂದರೂ ಹೋಗಬೇಡಿ. ಅವನ ಹತ್ತಿರ ಇನ್ನೊಂದು ಪ್ರತಿ ಇಲ್ಲ ಅಂತ ಯಾರು ಹೇಳಬೇಕು?

ಫೋಟೋ ಹೊರಗೆ ಬರುವವರೆಗೆ ಕಾನೂನು ಕಾಯುವುದಿಲ್ಲ. ಹೆದರಿಸುವುದೇ ಅಪರಾಧ. ಹೆಣ್ಣಿನ ಶೀಲದ ಮೇಲೆ ಮಸಿ ಬಳಿಯುತ್ತೇನೆ ಅಂತ ಬೆದರಿಸಿದರೆ ಸಂಹಿತೆಯ 351ರ ಪ್ರಕಾರ 7 ವರ್ಷದವರೆಗೆ ಜೈಲು ಆಗಬಹುದು. ಹೆದರಿಸಿ ದುಡ್ಡು ಕಿತ್ತರೆ 308, ಅದಕ್ಕೂ 7 ವರ್ಷದವರೆಗೆ. ಈಗಾಗಲೇ ದುಡ್ಡು ಕೊಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಆ ಹಣ ಅಲ್ಲೇ ನಿಲ್ಲಿಸಲು ಅವಕಾಶ ಇರುತ್ತದೆ.

ನಾನು ಗಂಡಸು. ಗೊತ್ತಿಲ್ಲದ ನಂಬರ್‌ನಿಂದ ವಿಡಿಯೋ ಕಾಲ್ ಬಂತು, ರೆಕಾರ್ಡ್ ಮಾಡಿ ದುಡ್ಡು ಕೇಳ್ತಿದ್ದಾರೆ. ಯಾರಿಗೆ ಹೇಳಲಿ?

ಪೊಲೀಸರಿಗೇ ಹೇಳಿ. ನೀವು ಒಬ್ಬರೇ ಅಲ್ಲ. ಇದು ದಂಧೆ. ಕಾಲ್ ಎತ್ತುತ್ತೀರಿ, ಆ ಕಡೆ ಬಟ್ಟೆಯಿಲ್ಲದ ಹೆಂಗಸಿನ ದೃಶ್ಯ, ಕೆಲವು ಸೆಕೆಂಡ್ ರೆಕಾರ್ಡ್ ಆಗುತ್ತದೆ. ಆಮೇಲೆ ನಿಮ್ಮ ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ. ಮರುದಿನ "ನಾನು ಪೊಲೀಸ್ ಅಧಿಕಾರಿ, ನಿಮ್ಮ ಮೇಲೆ ಕೇಸ್ ಆಗಿದೆ" ಅಂತ ಇನ್ನೊಬ್ಬ ಕಾಲ್ ಮಾಡುತ್ತಾನೆ. ಅವನೂ ಅದೇ ಗುಂಪಿನವನು. ದುಡ್ಡು ಕೊಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ, ದೂರು ಕೊಡಿ.

77ನೇ ಕಲಂ ಹೆಣ್ಣುಮಕ್ಕಳಿಗೆ ಮಾತ್ರ. ಆದರೆ ಐಟಿ ಕಾಯ್ದೆಯ 66ಇ, 67, 67ಎ ಮತ್ತು ಸುಲಿಗೆಯ ಕಲಂಗಳು ಎಲ್ಲರಿಗೂ. ಗಂಡು, ಹೆಣ್ಣು, ಲಿಂಗತ್ವ ಅಲ್ಪಸಂಖ್ಯಾತರು, ಯಾರಾದರೂ ಸರಿ. ಗಂಡಸರು ನಾಚಿಕೆಯಿಂದ ಬಾಯಿ ಬಿಡದೆ, ಸಾಲ ಮಾಡಿ ದುಡ್ಡು ಕಟ್ಟುತ್ತಾರೆ. ಹೆಂಡತಿಗೆ ಹೇಳಿಬಿಡಿ. ಆ ಒಂದು ಮಾತು ಕಷ್ಟ, ಆದರೆ ಅದಾದ ಮೇಲೆ ಅವರ ಕೈಯಲ್ಲಿ ಹೆದರಿಸಲು ಏನೂ ಉಳಿಯುವುದಿಲ್ಲ.

ಮುಖ ನನ್ನದು, ದೇಹ ನನ್ನದಲ್ಲ. ಎಐನಲ್ಲಿ ಮಾಡಿದ್ದಾರೆ. ಇದೂ ಅಪರಾಧವಾ?

ಹೌದು. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೋಗೆ ಅಂಟಿಸಿದ್ದು ನೆನಪಿರಬಹುದು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆರೋಪಿಯನ್ನು ಹಿಡಿದರು. ನಟಿಗೆ ಆದದ್ದು ಈಗ ಕಾಲೇಜು ಹುಡುಗಿಯರಿಗೂ ಆಗುತ್ತಿದೆ. ಸಾಲದ ಆ್ಯಪ್‌ಗಳ ವಸೂಲಿಯವರೂ ಇದನ್ನೇ ಮಾಡುತ್ತಾರೆ.

ತಿರುಚಿದ ಚಿತ್ರಕ್ಕೂ 2 ಗಂಟೆಯ ನಿಯಮ ಇದೆ, ಅಶ್ಲೀಲತೆಯ ಕಲಂಗಳೂ ಇವೆ. ಇನ್ನೊಬ್ಬರ ಹಾಗೆ ನಟಿಸಿ ವಂಚಿಸಿದರೆ 66ಡಿ ಕೂಡ ಸೇರುತ್ತದೆ. "ಬೆಂಕಿಯಿಲ್ಲದೆ ಹೊಗೆಯಾಡುತ್ತಾ" ಅನ್ನುವ ಜನ ಇರುತ್ತಾರೆ. ಈಗ ಆಡುತ್ತದೆ. ಬೆಂಕಿಯೇ ಇಲ್ಲದೆ ಹೊಗೆ ಮಾಡುವ ಆ್ಯಪ್‌ಗಳು ಬಂದಿವೆ ಅಂತ ಅವರಿಗೆ ಹೇಳಿ.

ಹಾಕಿದ್ದು ನನ್ನ ಗಂಡನೇ. ಗಂಡನ ಮೇಲೆ ಕೇಸ್ ನಡೆಯುತ್ತಾ?

ನಡೆಯುತ್ತದೆ. ತಾಳಿ ಕಟ್ಟಿದರೆ ಒಪ್ಪಿಗೆ ಬರೆದುಕೊಟ್ಟ ಹಾಗಲ್ಲ. 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂತು. ಹೆಂಡತಿಯ ಜೊತೆಗಿನ ಖಾಸಗಿ ವಿಡಿಯೋವನ್ನು ಗಂಡ ಫೇಸ್‌ಬುಕ್‌ಗೆ ಹಾಕಿದ ಆರೋಪ. ಮದುವೆ ಗಂಡನಿಗೆ ಹೆಂಡತಿಯ ಒಡೆತನ ಕೊಡುವುದಿಲ್ಲ ಎಂದ ಕೋರ್ಟ್, ಕೇಸ್ ರದ್ದು ಮಾಡಲು ಒಪ್ಪಲಿಲ್ಲ.

ನನಗಿನ್ನೂ 16 ವರ್ಷ. / ನಮ್ಮ ಮಗಳಿಗೆ 15.

18 ತುಂಬದವರ ವಿಚಾರದಲ್ಲಿ ಕಾನೂನು ತುಂಬಾ ಬಿಗಿ. ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಮತ್ತು ಐಟಿ ಕಾಯ್ದೆಯ 67ಬಿ ಎರಡೂ ಬೀಳುತ್ತವೆ. 67ಬಿಯಲ್ಲಿ ಹಂಚುವುದಷ್ಟೇ ಅಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅಪರಾಧ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಇಂಥ ಚಿತ್ರಗಳನ್ನು ಸುಮ್ನೆ ಇಟ್ಟುಕೊಂಡು ನೋಡಿದರೆ ತಪ್ಪಿಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿತು. ಇದನ್ನು 'ಪೋರ್ನ್' ಅಂತ ಕರೆಯುವುದೇ ತಪ್ಪು, ಇದು ಮಗುವಿನ ಮೇಲಿನ ದೌರ್ಜನ್ಯದ ದಾಖಲೆ ಎಂಬರ್ಥದ ಮಾತನ್ನೂ ಹೇಳಿತು.

ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರ: ಸಾಕ್ಷಿ ಅಂತ ಆ ಚಿತ್ರವನ್ನು ಬಂಧುಗಳಿಗೆ, ಶಾಲೆಯ ಗ್ರೂಪಿಗೆ ಕಳಿಸಬೇಡಿ. ಇರುವ ಫೋನಿನಲ್ಲೇ ಪೊಲೀಸರಿಗೆ ತೋರಿಸಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಸಮವಸ್ತ್ರ ಹಾಕದ ಅಧಿಕಾರಿ, ಆದಷ್ಟೂ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098. ಚಿತ್ರ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ, ಸ್ಟಾಪ್ ಎನ್‌ಸಿಐಐ ರೀತಿಯಲ್ಲೇ ಕೆಲಸ ಮಾಡುತ್ತದೆ.

ಮಕ್ಕಳೇ, ಬೈಗುಳ ತಿನ್ನಬೇಕಾದೀತು ಅಂತ ಮುಚ್ಚಿಡಬೇಡಿ. ಬೈದರೂ ನಿಮ್ಮ ಕೈ ಹಿಡಿಯುವ ಒಬ್ಬ ದೊಡ್ಡವರನ್ನು ಹುಡುಕಿ.

ಠಾಣೆಗೆ ಹೋದರೆ ನನ್ನನ್ನೇ ಕೇಳ್ತಾರೆ ಅನ್ನೋ ಭಯ.

ಆ ಭಯ ಸುಳ್ಳಲ್ಲ. "ಯಾಕಮ್ಮ ಕಳಿಸಿದೆ?" ಅಂತ ಕೇಳುವವರು ಈಗಲೂ ಇದ್ದಾರೆ. ಆದರೆ ನಿಮ್ಮ ಹಕ್ಕು ಗೊತ್ತಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ತಿಳಿಸುವ ದಾರಿ ಇದೆ. ಆದರೆ ಹೆಸರು ಕೊಟ್ಟ ದೂರನ್ನು ಬೆನ್ನು ಹತ್ತುವುದು ಸುಲಭ. ಠಾಣೆಗೇ ಹೋಗುವುದಾದರೆ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಕ್ಕೆಂದೇ ಸೆನ್ ಠಾಣೆಗಳಿವೆ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ಮಾಡಬೇಕು. ಆದರೂ ಹತ್ತಿರದ ಯಾವ ಠಾಣೆಯೂ "ಇದು ನಮ್ಮ ವ್ಯಾಪ್ತಿ ಅಲ್ಲ" ಅಂತ ವಾಪಸ್ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನೇ ಹೇಳುತ್ತದೆ. ಝೀರೋ ಎಫ್‌ಐಆರ್ ಅಂತ ಕೇಳಿ. ಇಮೇಲ್‌ನಂಥ ದಾರಿಯಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ನ್ಯಾಯ ಸಂಹಿತೆಯ 77, 78, 79ನೇ ಕಲಂಗಳ ದೂರನ್ನು ಹೆಣ್ಣುಮಗಳು ಕೊಟ್ಟರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ನಿಮಗೆ ತಿಳಿಸಬೇಕು. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಂಬರ್ 15100. ಮಹಿಳಾ ಸಹಾಯವಾಣಿ 181. ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಎದುರಿನವರು ಕೇಳುವ ಪ್ರಶ್ನೆಯೂ ಬದಲಾಗುತ್ತದೆ.

ತಡವಾಗಿದೆ. ಎರಡು ವರ್ಷದ ಹಿಂದಿನ ಮಾತು.

ಆದರೂ ಕೊಡಬಹುದು. 3 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳನ್ನು ಕೋರ್ಟ್ ಕೈಗೆತ್ತಿಕೊಳ್ಳಲು 3 ವರ್ಷದ ಮಿತಿ ಇದೆ. 67ಎಯಂಥ ದೊಡ್ಡ ಅಪರಾಧಗಳಿಗೆ ಆ ಮಿತಿಯೇ ಇಲ್ಲ.

ಅವನು ವಿದೇಶದಲ್ಲಿದ್ದಾನೆ. / ನಾನೇ ವಿದೇಶದಲ್ಲಿದ್ದೇನೆ.

ಭಾರತದ ಕಂಪ್ಯೂಟರ್, ನೆಟ್‌ವರ್ಕ್ ಬಳಕೆ ಆಗಿದ್ದರೆ ಹೊರದೇಶದಲ್ಲಿ ಕೂತು ಮಾಡಿದ್ದಕ್ಕೂ ಐಟಿ ಕಾಯ್ದೆಯ 75ನೇ ಕಲಂ ಅನ್ವಯಿಸುತ್ತದೆ. ಹಿಡಿಯುವುದು ನಿಧಾನ ಆಗಬಹುದು, ಆದರೆ ಚಿತ್ರ ತೆಗೆಸುವ ಕೆಲಸಕ್ಕೆ ಅದು ಅಡ್ಡಿಯಲ್ಲ. ಹೊರಗಿರುವ ಕನ್ನಡಿಗರಿಗೆ ಅಲ್ಲಿನ ಕಾನೂನೂ ಇದೆ. ಇಂಗ್ಲೆಂಡ್‌ನಲ್ಲಿ ಖಾಸಗಿ ಚಿತ್ರ ಹಂಚುವುದಷ್ಟೇ ಅಲ್ಲ, ಹಂಚುತ್ತೇನೆ ಅಂತ ಹೆದರಿಸುವುದೂ ಅಪರಾಧ. ಅಮೆರಿಕದಲ್ಲಿ 2025ರ ಮೇ 19ರಂದು ಸಹಿಯಾದ ಕಾನೂನು, ಎಐ ಚಿತ್ರವನ್ನೂ ಸೇರಿಸಿ, 48 ಗಂಟೆಯಲ್ಲಿ ತೆಗೆಯಬೇಕು ಎನ್ನುತ್ತದೆ.

ಕೇಸ್ ಹಾಕಿದರೆ ಕೋರ್ಟ್ ಆದೇಶದಲ್ಲಿ ನನ್ನ ಹೆಸರೇ ನೆಟ್‌ನಲ್ಲಿ ಸಿಗುತ್ತಲ್ಲ?

ಹೆಸರು ಮರೆಮಾಡಲು ಕೋರ್ಟನ್ನು ಕೇಳಬಹುದು. ಹುಡುಕಾಟದ ಕಂಪನಿಗಳ ಬಗ್ಗೆ ಮೇಲೆ ಹೇಳಿದ ದೆಹಲಿ ಹೈಕೋರ್ಟ್ ಪ್ರಕರಣದಲ್ಲಿ ಅರ್ಜಿದಾರಳ ಹೆಸರು ಬರೀ 'ಎಕ್ಸ್'. ನಮ್ಮ ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲೇ, ಬೇರೆ ವಿಷಯದ ಒಂದು ಪ್ರಕರಣದಲ್ಲಿ, ಹುಡುಕಾಟದಲ್ಲಿ ಮಗಳ ಹೆಸರು ಬಾರದಂತೆ ಮಾಡಿ ಎಂದು ಬಂದ ತಂದೆಯ ಕೋರಿಕೆಯನ್ನು ಒಪ್ಪಿತ್ತು. ಅರ್ಜಿ ಹಾಕುವ ಮೊದಲೇ ಇದನ್ನು ವಕೀಲರಿಗೆ ಹೇಳಿಡಿ.

ಎಲ್ಲ ಮುಗಿದ ಮೇಲೆ ಮತ್ತೆ ಎಲ್ಲಾದರೂ ಕಂಡರೆ?

ಕಾಣಬಹುದು. ಅದಕ್ಕೆ ತಯಾರಿ ಇರಲಿ. ಎಫ್‌ಐಆರ್ ಪ್ರತಿ, ಕೋರ್ಟ್ ಆದೇಶ, ಮೊದಲು ತೆಗೆದ ಲಿಂಕ್‌ಗಳ ಪಟ್ಟಿ, ಇವನ್ನೆಲ್ಲ ಒಂದೇ ಕಡೆ ಇಡಿ. ಮತ್ತೆ ಕಂಡರೆ ಅದನ್ನೇ ಜೋಡಿಸಿ ರಿಪೋರ್ಟ್ ಮಾಡಿ, ತನಿಖಾಧಿಕಾರಿಗೆ ತಿಳಿಸಿ. ದಿನವೂ ನೀವೇ ಹುಡುಕುತ್ತಾ ಕೂರಬೇಡಿ, ಅದು ಮನಸ್ಸನ್ನು ತಿಂದುಹಾಕುತ್ತದೆ. ಆ ಕೆಲಸವನ್ನು ನಂಬಿದ ಒಬ್ಬರಿಗೆ ಒಪ್ಪಿಸಿ. ತಿಂಗಳಿಗೊಮ್ಮೆ ಅವರು ನೋಡಲಿ. ಏನಾದರೂ ಸಿಕ್ಕರೆ ಮಾತ್ರ ನಿಮಗೆ ಹೇಳಲಿ.